ಊರಿನ ಆಸ್ಪತ್ರೆಗೆ ನಮ್ಮ ಪಾಲು

ದಾನವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ದೇವಾಲಯದ ಹುಂಡಿ, ಅನ್ನಸಂತರ್ಪಣೆ, ಬಡ ವಿದ್ಯಾರ್ಥಿಯ ಶುಲ್ಕ. ಆಸ್ಪತ್ರೆಯ ನೆನಪಾಗುವುದು ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಾಗ ಮಾತ್ರ. ಗುಣವಾಗಿ ಮನೆಗೆ ಮರಳಿದ ಮೇಲೆ ಅದನ್ನು ಮರೆತುಬಿಡುತ್ತೇವೆ. ಆದರೆ ನಾವು ನೆಲೆಸಿರುವ ಈ ಪುಣೆಯ ಹಳೆಯ ಆಸ್ಪತ್ರೆಗಳ ಇತಿಹಾಸವನ್ನು ನೋಡಿದರೆ, ಅವು ನಿಂತಿರುವುದೇ ದಾನ ಮತ್ತು ಸೇವೆಗಳ ತಳಹದಿಯ ಮೇಲೆ ಎಂಬುದು ತಿಳಿಯುತ್ತದೆ.

1867ರಲ್ಲಿ ಆರಂಭವಾದ ಸಸೂನ್ ಆಸ್ಪತ್ರೆಯು ಡೇವಿಡ್ ಸಸೂನ್ ಎಂಬ ಯಹೂದಿ ವರ್ತಕರ ಉದಾರ ದಾನದ ಫಲ. ರಾಸ್ತಾ ಪೇಠೆಯ ಕೆ.ಇ.ಎಂ. ಆಸ್ಪತ್ರೆ 1912ರಲ್ಲಿ ಸ್ಥಾಪನೆಯಾಯಿತು. ಡಾ. ಬಾನೂ ಕೋಯಾಜಿ ಅವರು 1944ರಲ್ಲಿ ಅಲ್ಲಿಗೆ ಬಂದಾಗ ಅದು 40 ಹಾಸಿಗೆಗಳ ಹೆರಿಗೆ ಆಸ್ಪತ್ರೆಯಾಗಿತ್ತು. ಐದು ದಶಕಗಳಿಗೂ ಮಿಕ್ಕಿದ ಅವರ ದುಡಿಮೆಯಲ್ಲಿ ಅದು ನಗರದ ದೊಡ್ಡ ಆಸ್ಪತ್ರೆಗಳಲ್ಲಿ ಒಂದಾಗಿ ಬೆಳೆಯಿತು.

ಆದರೂ ರೋಗಿಯು ನಗರಕ್ಕೆ ಬರುವವರೆಗೆ ಕಾಯುವುದು ಸರಿಯಲ್ಲವೆಂದು ಅವರು ಭಾವಿಸಿದರು. ಆದ್ದರಿಂದಲೇ 1977ರಲ್ಲಿ ಶಿರೂರು ತಾಲೂಕಿನ ವಢೂ ಬುದ್ರುಕ್ ಗ್ರಾಮದಲ್ಲಿ ಗ್ರಾಮೀಣ ಆರೋಗ್ಯ ಯೋಜನೆಯನ್ನು ಆರಂಭಿಸಿದರು. ಆಯಾ ಹಳ್ಳಿಯವರಿಗೇ ತರಬೇತಿ ಕೊಟ್ಟು, ತಾಯಿ ಮಕ್ಕಳ ಆರೈಕೆಯನ್ನೂ ಸಣ್ಣಪುಟ್ಟ ಕಾಯಿಲೆಗಳ ಉಪಚಾರವನ್ನೂ ಅವರ ಕೈಗೆ ಒಪ್ಪಿಸುವುದು ಅದರ ಮುಖ್ಯ ತತ್ತ್ವ. ಈ ಸೇವೆಗಾಗಿ 1993ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಆ ಹಿರಿಯ ಜೀವ 2004ರಲ್ಲಿ ನಮ್ಮನ್ನಗಲಿತು. ವೈದ್ಯರಲ್ಲದವರೂ ಆಸ್ಪತ್ರೆಗೆ ಅತ್ಯಗತ್ಯ, ರೋಗಿಯ ನುಡಿಯನ್ನೂ ನಡೆಯನ್ನೂ ಬಲ್ಲವರು ಇನ್ನೂ ಅಗತ್ಯ ಎಂಬುದು ಅವರು ನಮಗೆ ಬಿಟ್ಟುಹೋದ ಪಾಠ.

ಈ ಪಾಠದ ಅರ್ಥ ನನಗೆ ಮನದಟ್ಟಾದದ್ದು ಅದೇ ತಾಲೂಕಿನ ಕೇಂದ್ರವಾದ ಶಿರೂರಿನಲ್ಲಿ. ಕರ್ನಾಟಕದಲ್ಲಿಯೂ ಹಲವು ಶಿರೂರುಗಳಿವೆ. ನಾನು ಹೇಳುತ್ತಿರುವುದು ಪುಣೆ–ಅಹಿಲ್ಯಾನಗರ ಹೆದ್ದಾರಿಯಲ್ಲಿ, ಘೋಡ್ ನದಿಯ ದಂಡೆಯಲ್ಲಿರುವ ಶಿರೂರು. ಕೆಲವು ವರ್ಷಗಳ ಹಿಂದೆ ನಾನು ಅಲ್ಲಿಯ ಶಾಖೆಯಲ್ಲಿ ಕೆಲಸ ಮಾಡುತ್ತಿದ್ದೆ. ರಾಂಜಣಗಾಂವ್ ಕೈಗಾರಿಕಾ ಪ್ರದೇಶದ ಸುತ್ತಮುತ್ತ ಕಟ್ಟಡ ಕೆಲಸಕ್ಕೆ ಬಂದ ವಿಜಯಪುರ ಜಿಲ್ಲೆಯ ಕುಟುಂಬವೊಂದರ ಖಾತೆ ನಮ್ಮಲ್ಲಿತ್ತು. ಒಂದು ಮಧ್ಯಾಹ್ನ ಆ ಮನೆಯ ಹಿರಿಯಾಕೆ ಹಣ ತೆಗೆಯಲು ಬಂದವರು ಕೌಂಟರಿನೆದುರಿಗೇ ಕುಸಿದು ಕುಳಿತರು. ಮೈಯೆಲ್ಲ ಬೆವರಿತ್ತು, ಕೈ ನಡುಗುತ್ತಿತ್ತು. "ಏನಾತವ್ವಾ?" ಎಂದು ಕೇಳಿದೆ. "ಸಕ್ಕರಿ ಬ್ಯಾನಿ ಐತ್ರೀ ಸಾಹೇಬ್ರ. ಗುಳಿಗಿ ತಗೊಂಡು ಉಪಾಸ ಇರಬೇಕಂತ. ನಾಕ್ ದಿನಾ ಆತ್ರೀ, ಹೊತ್ತು ಮುಳುಗೂತನಕಾ ಏನೂ ತಿಂದಿಲ್ಲ" ಎಂದರು.

ಚೀಟಿ ತೆಗೆದು ನೋಡಿದಾಗ ವಿಷಯ ತಿಳಿಯಿತು. ಮಾತ್ರೆಯನ್ನು 'ಉಪಾಶೀ ಪೋಟೀ', ಅಂದರೆ ಬರಿಯ ಹೊಟ್ಟೆಯಲ್ಲಿ ತೆಗೆದುಕೊಂಡು, ಅರ್ಧ ಗಂಟೆಯ ನಂತರ ಊಟ ಮಾಡಬೇಕೆಂದು ಮರಾಠಿಯಲ್ಲಿ ಹೇಳಲಾಗಿತ್ತು. ಆಕೆಯ ಕಿವಿಗೆ ಬಿದ್ದದ್ದು 'ಉಪಾಸ' ಎಂಬ ನಮ್ಮ ಮಾತು. ಸಕ್ಕರೆಯನ್ನು ಇಳಿಸುವ ಮಾತ್ರೆ ನುಂಗಿ ಉಪವಾಸವಿದ್ದರೆ ಪ್ರಜ್ಞೆ ತಪ್ಪಿ, ಪ್ರಾಣಕ್ಕೇ ಸಂಚಕಾರ ಬರಬಹುದು. ಚಹಾಕ್ಕೆ ಇಟ್ಟಿದ್ದ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಆಕೆಯನ್ನು ವೈದ್ಯರ ಬಳಿಗೆ ಕರೆದೊಯ್ದೆವು. ಹೇಳಿದವರದು ತಪ್ಪಲ್ಲ, ಕೇಳಿದವರದೂ ತಪ್ಪಲ್ಲ. ಇಬ್ಬರ ನಡುವೆ ಎರಡೂ ಭಾಷೆ ಬಲ್ಲ ಒಬ್ಬರು ಇರಲಿಲ್ಲ, ಅಷ್ಟೇ.

ಎರಡು ಮೂರು ತಲೆಮಾರುಗಳಿಂದ ಇಲ್ಲಿ ನೆಲೆಸಿ, ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ಮರಾಠಿಯನ್ನೂ ಆಡುವ ನಾವು ಆಸ್ಪತ್ರೆಗೆ ಕೊಡಬಹುದಾದ ಮೊದಲನೆಯ ದಾನ ಈ ದ್ವಿಭಾಷಾ ಜ್ಞಾನ. ಇದಕ್ಕೆ ಹಣ ಬೇಕಿಲ್ಲ. ವಾರದಲ್ಲಿ ಒಂದು ನಿಗದಿತ ದಿನ, ಎರಡು ಗಂಟೆಗಳ ಕಾಲ ಹೊರರೋಗಿಗಳ ವಿಭಾಗದಲ್ಲಿ ಕುಳಿತರೆ ಸಾಕು. ಆಸ್ಪತ್ರೆಯ ಸಮಾಜಸೇವಾ ವಿಭಾಗವನ್ನು ಕಂಡು, ಅವರ ಒಪ್ಪಿಗೆಯೊಡನೆಯೇ ಕೆಲಸ ಆರಂಭಿಸಬೇಕು. ವೈದ್ಯರು ಹೇಳಿದ್ದನ್ನು ಕೂಡಿಸದೆ, ಕಳೆಯದೆ ತಿಳಿಸಬೇಕು. ನಮ್ಮ ಮನೆಮದ್ದಿನ ಸಲಹೆ ಸಲ್ಲದು. ಮಾತ್ರೆ ಎಷ್ಟು ಹೊತ್ತಿಗೆ, ಊಟಕ್ಕೆ ಮೊದಲೋ ನಂತರವೋ ಎಂಬುದನ್ನು ರೋಗಿಯ ಬಾಯಿಂದಲೇ ಮತ್ತೊಮ್ಮೆ ಹೇಳಿಸಿ ಕೇಳಬೇಕು. ಅಲ್ಲಿ ಕೇಳಿದ ಕಾಯಿಲೆಯ ಸಂಗತಿ ಅಲ್ಲಿಯೇ ಉಳಿಯಬೇಕು.

ಎರಡನೆಯದು ರಕ್ತದಾನ. 18ರಿಂದ 65 ವರ್ಷದೊಳಗಿನ, ಕನಿಷ್ಠ 45 ಕಿಲೋ ತೂಕವುಳ್ಳ ಆರೋಗ್ಯವಂತರು ರಕ್ತ ಕೊಡಬಹುದು. ಗಂಡಸರು 90 ದಿನಗಳಿಗೊಮ್ಮೆ, ಹೆಂಗಸರು 120 ದಿನಗಳಿಗೊಮ್ಮೆ ಕೊಡಬಹುದು. ಆದರೆ ಕೆಂಪು ರಕ್ತಕಣಗಳನ್ನು ಸುಮಾರು 35ರಿಂದ 42 ದಿನ, ಪ್ಲೇಟ್‌ಲೆಟ್‌ಗಳನ್ನು ಸಾಮಾನ್ಯವಾಗಿ ಕೇವಲ 5 ದಿನ ಕಾಪಾಡಬಹುದು. ವರ್ಷಕ್ಕೊಮ್ಮೆ ಉತ್ಸವದ ದಿನ ನೂರು ಜನ ಒಟ್ಟಿಗೆ ಕೊಟ್ಟ ರಕ್ತ ಮುಂದಿನ ಬೇಸಿಗೆಯ ಕೊರತೆಯನ್ನು ನೀಗಿಸಲಾರದು. ಆ ನೂರು ಜನರೇ ತಿಂಗಳಿಗೆ ಎಂಟು ಹತ್ತು ಮಂದಿಯಂತೆ ಸರದಿ ಹಂಚಿಕೊಂಡರೆ ವರ್ಷವಿಡೀ ಉಪಯೋಗವಾಗುತ್ತದೆ.

ಮೂರನೆಯದು ಹಣ. ಬ್ಯಾಂಕಿನಲ್ಲಿ ದುಡಿದವನಾದ್ದರಿಂದ ಒಂದು ಮಾತು ಹೇಳುತ್ತೇನೆ. ಒಮ್ಮೆ ಕೊಡುವ ದೊಡ್ಡ ಮೊತ್ತದಿಂದ ಯಂತ್ರ ಬರುತ್ತದೆ, ಕಟ್ಟಡದ ಮೇಲೆ ಹೆಸರೂ ಬರುತ್ತದೆ. ಆದರೆ ಯಂತ್ರದ ದುರಸ್ತಿ, ವಿದ್ಯುತ್ತಿನ ಬಿಲ್ಲು, ಬಡರೋಗಿಯ ಔಷಧಿ ಇವು ಪ್ರತಿ ತಿಂಗಳೂ ಬರುವ ಖರ್ಚುಗಳು. ಖಾತೆಯಿಂದ ತಿಂಗಳಿಗೆ 500 ರೂಪಾಯಿ ತಾನಾಗಿಯೇ ಸಂದಾಯವಾಗುವಂತೆ ಬ್ಯಾಂಕಿಗೆ ಸೂಚನೆ ಕೊಟ್ಟರೆ ವರ್ಷಕ್ಕೆ 6,000 ರೂಪಾಯಿ ಆಗುತ್ತದೆ. ಆಸ್ಪತ್ರೆಯೂ ಅದನ್ನು ನಂಬಿ ಲೆಕ್ಕ ಹಾಕಬಹುದು. ರಸೀದಿಯನ್ನು ತಪ್ಪದೆ ಪಡೆಯಿರಿ. '80ಜಿ' ಎಂದು ಬಹುಕಾಲದಿಂದ ನಾವು ಬಲ್ಲ ತೆರಿಗೆ ರಿಯಾಯಿತಿ 2,000 ರೂಪಾಯಿ ಮೀರಿದ ನಗದು ದಾನಕ್ಕೆ ಸಿಗದು. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೂ ಅದಿಲ್ಲ.

ಹಣವಿಲ್ಲದ ರೋಗಿಗೆ ತಿಳಿಸಬೇಕಾದ ಸಂಗತಿಯೊಂದಿದೆ. ಮುಂಬಯಿ ಉಚ್ಚ ನ್ಯಾಯಾಲಯವು 2006ರಲ್ಲಿ ಒಪ್ಪಿದ ಯೋಜನೆಯಂತೆ, ಮಹಾರಾಷ್ಟ್ರದ ಧರ್ಮಾದಾಯ ಆಸ್ಪತ್ರೆಗಳು ಶೇ. 10ರಷ್ಟು ಹಾಸಿಗೆಗಳನ್ನು ನಿರ್ಗತಿಕರಿಗೆ ಉಚಿತವಾಗಿ, ಇನ್ನು ಶೇ. 10ರಷ್ಟನ್ನು ದುರ್ಬಲ ವರ್ಗದವರಿಗೆ ರಿಯಾಯಿತಿ ದರದಲ್ಲಿ ಕಾದಿರಿಸಬೇಕು. ರೋಗಿಗಳ ಬಿಲ್ಲಿನ ಮೊತ್ತದ ಶೇ. 2ರಷ್ಟನ್ನು ನಿರ್ಗತಿಕ ರೋಗಿಗಳ ನಿಧಿಗೆ ಜಮಾ ಮಾಡಬೇಕು. ಆದಾಯದ ಪ್ರಮಾಣಪತ್ರ ಅಥವಾ ಪಡಿತರ ಚೀಟಿ ಹಿಡಿದು ಯಾರನ್ನು ಕಾಣಬೇಕೆಂದು ತಿಳಿಯದೆ ಮರಳಿ ಹೋಗುವವರನ್ನು ಸಮಾಜಸೇವಾ ವಿಭಾಗದ ಬಾಗಿಲಿಗೆ ಮುಟ್ಟಿಸುವುದೂ ಒಂದು ದಾನವೇ.

ಬೇಡವಾದ ದಾನವೂ ಉಂಟು. ಹುಟ್ಟುಹಬ್ಬದಂದು ವಾರ್ಡಿನಲ್ಲಿ ಹಣ್ಣು ಹಂಚಿ ಛಾಯಾಚಿತ್ರ ತೆಗೆಸಿಕೊಳ್ಳುವ ರೂಢಿಯಿದೆ. ಶಸ್ತ್ರಚಿಕಿತ್ಸೆಗಾಗಿ ಏನೂ ತಿನ್ನಬಾರದೆಂದು ಮಲಗಿದವರ ಕೈಗೆ ಬಾಳೆಹಣ್ಣು ಕೊಟ್ಟರೆ ಉಪಕಾರವಾಗದು. ಮನೆಯಲ್ಲಿ ಉಳಿದ ಅವಧಿ ಮುಗಿದ ಔಷಧಿಗಳೂ ಬೇಡ. ಏನು ಬೇಕೆಂದು ಮೊದಲು ಕೇಳಿ, ಅನಂತರ ಕೊಡುವುದು ಲೇಸು.

ಆ ತಾಯಿ ಚೇತರಿಸಿಕೊಂಡ ಮೇಲೆ ಶಾಖೆಗೆ ಬಂದು, "ನಮ್ಮ ಮಾತು ತಿಳಿಯೋರು ಒಬ್ರು ಸಿಕ್ರಲ್ರೀ, ಅದ ಸಾಕು" ಎಂದಿದ್ದರು. ಕನ್ನಡ ಉಳಿಯಬೇಕೆಂದು ನಾವು ಸಭೆಗಳಲ್ಲಿ ಹೇಳುತ್ತೇವೆ. ಆಸ್ಪತ್ರೆಯ ಬೆಂಚಿನ ಮೇಲೆ ಗಾಬರಿಯಿಂದ ಕುಳಿತ ಒಬ್ಬರಿಗೆ ಅದು ನೆರವಾಗುವುದಾದರೆ, ನಮ್ಮ ಭಾಷೆಗೆ ಅದಕ್ಕಿಂತ ಸಾರ್ಥಕತೆ ಇನ್ನೇನಿದೆ? ನಿಮ್ಮ ಮನೆಗೆ ಹತ್ತಿರವಿರುವ ಆಸ್ಪತ್ರೆಗೆ ಈ ವಾರವೇ ಹೋಗಿ, ನಿಮಗೆ ಅನುಕೂಲವಾದ ಒಂದು ದಿನವನ್ನು ಗೊತ್ತುಮಾಡಿಕೊಂಡು ಬನ್ನಿ ಎಂದು ವಿನಂತಿ.