ಊರಿಗೆ ಕೊಳವೆಬಾವಿ ಕೊಡುವ ಮುನ್ನ ನೀರಿನ ಪರೀಕ್ಷೆಯಾಗಲಿ

ಮುಂಬಯಿ, ಪುಣೆಯ ಕನ್ನಡಿಗರು ತವರೂರಿಗೆ ಕೊಡುವ ದಾನಗಳಲ್ಲಿ ದೇವಸ್ಥಾನದ ಜೀರ್ಣೋದ್ಧಾರ, ಶಾಲಾ ಕೊಠಡಿಗಳ ಜೊತೆಗೆ ಕುಡಿಯುವ ನೀರಿಗೂ ಸ್ಥಾನವಿದೆ. ಮೇ ರಜೆಯಲ್ಲಿ ಊರಿಗೆ ಹೋದವರು ಕೊಡ ಹಿಡಿದು ಸಾಲುಗಟ್ಟಿದ ಹೆಂಗಸರನ್ನು ಕಂಡು ಮರುಗುತ್ತಾರೆ. ನಾಲ್ಕು ಜನ ಸೇರಿ ಹಣ ಕೂಡಿಸಿ ಕೊಳವೆಬಾವಿ ಕೊರೆಸುತ್ತಾರೆ. ನೀರು ಚಿಮ್ಮಿದೊಡನೆ ಪೂಜೆ, ತೆಂಗಿನಕಾಯಿ, ದಾನಿಗಳ ಹೆಸರಿನ ಫಲಕ. ಆ ನೀರಿನಲ್ಲಿ ಏನೇನಿದೆ ಎಂದು ಕೇಳುವವರು ಮಾತ್ರ ಕಡಿಮೆ.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಯ ಪಾವಗಡ, ಗದಗ ಜಿಲ್ಲೆಯ ಮುಂಡರಗಿ, ಕೊಪ್ಪಳ, ರಾಯಚೂರು ಕಡೆಯವರಿಗೆ ಈ ಪ್ರಶ್ನೆ ಹೊಸದಲ್ಲ. ಈ ಭಾಗದ ಹಲವು ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಮಿತಿಮೀರಿದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದ ಕಡೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ಅದಕ್ಕಿಂತ ಹೆಚ್ಚಿನದನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಪಟ್ಟೆಗಳು ಮೂಡುತ್ತವೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ಮುಂದೆ ಕೀಲುನೋವು, ಬೆನ್ನು ಬಗ್ಗದಿರುವುದು, ಕೆಲವರಲ್ಲಿ ಕಾಲು ಸೊಟ್ಟಗಾಗುವುದು. ಮಂಡಿನೋವು ವಯಸ್ಸಿನ ಕಾಯಿಲೆಯೆಂದು ಮುಲಾಮು ಹಚ್ಚಿಕೊಂಡು ಕೂತವರಲ್ಲಿ ಎಷ್ಟು ಮಂದಿಗೆ ನೀರೇ ಕಾರಣವೋ! ಒಮ್ಮೆ ಬಾಗಿದ ಮೂಳೆಯನ್ನು ನೇರ ಮಾಡುವ ಔಷಧಿ ಇಲ್ಲ.

ನಮ್ಮ ದೇಶದಲ್ಲಿ ಈ ಕಾಯಿಲೆಯನ್ನು ವೈದ್ಯರು ಗುರುತಿಸಿದ್ದು 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ಆಗ ಇದ್ದದ್ದು ತೆರೆದ ಬಾವಿಗಳು. ಈಗ ಕೆರೆ ಬತ್ತಿ, ಬಾವಿ ಬತ್ತಿ, ಕೊಳವೆ ನೂರಾರು ಅಡಿ ಆಳಕ್ಕೆ ಇಳಿದಿದೆ. ಗ್ರಾನೈಟ್ ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಕಲ್ಲಿನೊಳಗಿನ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಹೀಗಾಗಿ ಆಳಕ್ಕೆ ಹೋದಷ್ಟೂ ನೀರು ಶುದ್ಧ ಎಂಬ ನಂಬಿಕೆ ಇಲ್ಲಿ ನಡೆಯದು.

ಈ ನೀರು ನೋಡಲು ತಿಳಿಯಾಗಿರುತ್ತದೆ, ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೆ ರೋಗಾಣು ಸಾಯುತ್ತದೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಸಾಂದ್ರತೆ ಏರುತ್ತದೆ. ಮನೆಯ ಕ್ಯಾಂಡಲ್ ಫಿಲ್ಟರ್ ಕೂಡ ಅದನ್ನು ತಡೆಯದು.

ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾ ಸುದ್ದಿಯಾದದ್ದು ನೀರಿನಲ್ಲಿ ಸಿಕ್ಕ ಆರ್ಸೆನಿಕ್‌ನಿಂದಾಗಿ. ಚರ್ಮರೋಗ, ಕ್ಯಾನ್ಸರ್ ತರಬಲ್ಲ ಈ ವಿಷವೂ ನಾಲಿಗೆಗೆ ತಿಳಿಯುವುದಿಲ್ಲ. ಯಾದಗಿರಿ, ಕಲಬುರಗಿ ಕಡೆಯ ತಾಂಡಾಗಳಿಂದ ಎಷ್ಟೋ ಕುಟುಂಬಗಳು ಮುಂಬಯಿ, ಪುಣೆಗಳಿಗೆ ಕಟ್ಟಡ ಕೆಲಸಕ್ಕೆ ಬರುತ್ತವೆ ಎಂಬುದನ್ನು ಇಲ್ಲಿ ನೆನೆಯಬೇಕು.

ಕರಾವಳಿಯವರ ಬಾವಿಯ ಚಿಂತೆ ಬೇರೆ. ಮುರಕಲ್ಲಿನ ನೆಲ ತೂತು ತೂತಾಗಿರುವುದರಿಂದ ಶೌಚದ ಗುಂಡಿ ಬಾವಿಗೆ ಹತ್ತಿರವಿದ್ದರೆ ಮಳೆಗಾಲದಲ್ಲಿ ಕೊಳಕು ಬಾವಿಗೇ ಬಸಿಯುತ್ತದೆ. ಅಲ್ಲಿ ಕುದಿಸಿ ಕುಡಿಯುವುದೇ ಸರಿ.

ಶುದ್ಧ ಕುಡಿಯುವ ನೀರಿನ ಘಟಕಗಳು ರಾಜ್ಯದ ಸಾವಿರಾರು ಹಳ್ಳಿಗಳಿಗೆ ಬಂದಿವೆ. ನಾಣ್ಯ ಹಾಕಿದರೆ ಕ್ಯಾನ್ ತುಂಬುತ್ತದೆ. ಆರ್‌ಒ ಯಂತ್ರ ಫ್ಲೋರೈಡನ್ನು ತೆಗೆಯಬಲ್ಲದು, ನಿಜ. ಆದರೆ ಪೊರೆ ಬದಲಿಸುವವರು ಯಾರು, ವಿದ್ಯುತ್ ಬಿಲ್ ಕಟ್ಟುವವರು ಯಾರು, ಯಂತ್ರ ಹೊರಹಾಕುವ ಉಪ್ಪು ನೀರು ಎಲ್ಲಿಗೆ ಹೋಗಬೇಕು ಎಂದು ಮೊದಲೇ ಗೊತ್ತುಮಾಡದಿದ್ದರೆ ಉದ್ಘಾಟನೆಯಾದ ಘಟಕ ಬೀಗ ಹಾಕಿಕೊಳ್ಳಲು ಹೆಚ್ಚು ದಿನ ಬೇಕಿಲ್ಲ. ಘಟಕ ಕೊಡುವ ಸಂಘಗಳು ಐದು ವರ್ಷದ ನಿರ್ವಹಣೆಯ ಹಣವನ್ನೂ ಬದಿಗಿಡುವುದು ಮೇಲು.

ಇನ್ನೊಂದು ದಾರಿ ಆಕಾಶದ್ದು. ಮಳೆನೀರಿನಲ್ಲಿ ಬಂಡೆಯ ಫ್ಲೋರೈಡ್ ಇರುವುದಿಲ್ಲ. ವರ್ಷಕ್ಕೆ 550 ಮಿ.ಮೀ. ಮಳೆಯಾಗುವ ಊರಿನಲ್ಲಿ 500 ಚದರಡಿಯ ತಾರಸಿಯಿಂದ ಪೋಲಾದದ್ದನ್ನು ಕಳೆದರೂ ಸುಮಾರು 20,000 ಲೀಟರ್ ನೀರು ಸಿಗುತ್ತದೆ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್ ಎಂದರೆ ವರ್ಷಕ್ಕೆ ಬೇಕಾದದ್ದು 9,125 ಲೀಟರ್. ಮೊದಲ ಮಳೆಯನ್ನು ಹೊರಬಿಟ್ಟು, ಶೋಧಿಸಿ, ಬೆಳಕು ಬೀಳದ ತೊಟ್ಟಿಯಲ್ಲಿಟ್ಟರೆ ಸಾಕು. ಕುಡಿಯುವ ಮುನ್ನ ಕುದಿಸಬೇಕು. ಶಾಲೆಯ ತಾರಸಿ ಇದಕ್ಕೆ ಹೇಳಿ ಮಾಡಿಸಿದ ಜಾಗ.

ಪರೀಕ್ಷೆ ಕಷ್ಟದ್ದಲ್ಲ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಗಳು ಜಿಲ್ಲೆಗಳಲ್ಲಿವೆ. ಪಂಪು ಸ್ವಲ್ಪ ಹೊತ್ತು ಓಡಿದ ಮೇಲೆ ಶುಭ್ರವಾದ ಬಾಟಲಿಯನ್ನು ಅದೇ ನೀರಿನಲ್ಲಿ ತೊಳೆದು ಒಂದು ಲೀಟರ್ ತುಂಬಿಸಿ, ಬಾವಿಯ ಜಾಗ, ಆಳ, ದಿನಾಂಕ ಬರೆದು ಒಯ್ಯಬೇಕು. ರೋಗಾಣು ಪರೀಕ್ಷೆಗೆ ಮಾತ್ರ ಪ್ರಯೋಗಾಲಯವೇ ಕೊಡುವ ಬಾಟಲಿ ಬೇಕು. ಅದನ್ನು ತೊಳೆಯಬಾರದು, ತಂಪಾಗಿಟ್ಟು ಅದೇ ದಿನ ತಲುಪಿಸಬೇಕು. ಫ್ಲೋರೈಡ್, ನೈಟ್ರೇಟ್, ಚಿನ್ನದ ಗಣಿಯ ಆಸುಪಾಸಿನ ಊರಾದರೆ ಆರ್ಸೆನಿಕ್ ಎಂದು ಬಾಯಿಬಿಟ್ಟು ಕೇಳಬೇಕು. ಬೇಸಿಗೆಯಲ್ಲೊಮ್ಮೆ, ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ ಮಾಡಿಸಿದರೆ ಒಳಿತು. ವರದಿಯ ಒಂದು ಪ್ರತಿ ಪಂಚಾಯಿತಿಗೆ, ಒಂದು ಶಾಲೆಯ ಮುಖ್ಯೋಪಾಧ್ಯಾಯರಿಗೆ; ದಾನಿಗಳ ಫಲಕದ ಕೆಳಗೆ ಫ್ಲೋರೈಡಿನ ಅಂಕಿಯನ್ನೂ ಬರೆಸಬಹುದು.