ಗಾಜು ನೋಡಿದ್ರಿ, ಅಂಟು ನೋಡಿದ್ರಾ?

ವೀಕ್ಷಕರೇ, ಇವತ್ತು ರಾಜಕೀಯ ಬೇಡ. ನಿಮ್ಮ ಕಾರಿನ ಮುಂದಿನ ಗಾಜಿನ ಬಗ್ಗೆ ಮಾತಾಡೋಣ.

ಗಾಜಿನ ಬಗ್ಗೆ ಮಾತಾಡೋಕೆ ಏನಿದೆ ಅಂತೀರಾ? ಇದೆ. ಹೈವೇನಲ್ಲಿ ಟಾರ್ಪಾಲು ಹಾಕದೆ ಜಲ್ಲಿ ತುಂಬಿಕೊಂಡು ಹೋಗ್ತಿರುವ ಟಿಪ್ಪರ್. ಅದರ ಹಿಂದೆ ನಿಮ್ಮ ಕಾರು. ಒಂದು ಸಣ್ಣ ಕಲ್ಲು ಟಪ್ ಅಂತ ಬಂದು ಬೀಳುತ್ತೆ. ಕಡಲೆಕಾಳಿನಷ್ಟು ಗುರುತು, ಅಷ್ಟೇ. ಬಿಡು ಅಂತ ಸುಮ್ಮನಾಗ್ತೀರಿ. ಮರುದಿನ ಬಿಸಿಲಲ್ಲಿ ಕಾರು ನಿಲ್ಲಿಸಿ, ಆಮೇಲೆ ಬಂದು ಎಸಿ ಹಾಕಿದರೆ ಅದೇ ಗುರುತು ಗೆರೆಯಾಗಿ ಈ ತುದಿಯಿಂದ ಆ ತುದಿಗೆ ಓಡುತ್ತೆ. ಆಗ ಗಾಜಿನಂಗಡಿಗೆ ಹೋಗಿ ನಾವು ಕೇಳೋದು ಎರಡೇ ಪ್ರಶ್ನೆ. ‘ಎಷ್ಟಾಗುತ್ತೆ? ಎಷ್ಟು ಹೊತ್ತಿಗೆ ಕೊಡ್ತೀರಾ?’

ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಜೀವ ಉಳಿಸುವ ಪ್ರಶ್ನೆಗಳು ಬೇರೆ ಇವೆ.

ಹಳೇ ಅಂಬಾಸಿಡರ್ ಕಾಲ ನೆನಪು ಮಾಡಿಕೊಳ್ಳಿ. ಗಾಜು ರಬ್ಬರ್ ಬೀಡಿಂಗ್ ಒಳಗೆ ಕೂತಿರುತ್ತಿತ್ತು. ಅದರ ಕೆಲಸ ಗಾಳಿ, ಮಳೆ, ದೂಳು ತಡೆಯೋದು. ಇವತ್ತಿನ ಕಾರಿನಲ್ಲಿ ಹಾಗಲ್ಲ. ಗಾಜನ್ನು ನೇರವಾಗಿ ಕಾರಿನ ಬಾಡಿಗೆ ಅಂಟಿಸಿರುತ್ತಾರೆ. ಅಂದರೆ ಗಾಜು ಕೂಡ ಬಾಡಿಯ ಒಂದು ಭಾಗ. ಕಾರು ಪಲ್ಟಿಯಾದರೆ ಮೇಲ್ಛಾವಣಿ ಕುಸಿಯದಂತೆ ಆಸರೆ ಕೊಡೋದರಲ್ಲಿ ಅದಕ್ಕೂ ಪಾಲಿದೆ.

ಇನ್ನೂ ಒಂದು ಮುಖ್ಯ ವಿಷಯ ಕೇಳಿ. 2021ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಹೊಸ ಮಾದರಿಯ ಕಾರುಗಳಿಗೆ ಡ್ರೈವರ್ ಪಕ್ಕದ ಸೀಟಿಗೂ ಏರ್‌ಬ್ಯಾಗ್ ಕಡ್ಡಾಯವಾಯಿತು. ಎಷ್ಟೋ ಕಾರುಗಳಲ್ಲಿ ಆ ಏರ್‌ಬ್ಯಾಗ್ ಡ್ಯಾಶ್‌ಬೋರ್ಡ್‌ನಿಂದ ಮೇಲಕ್ಕೆ ಚಿಮ್ಮಿ, ಮುಂದಿನ ಗಾಜಿಗೆ ಒರಗಿ, ಅಲ್ಲಿಂದ ಪ್ರಯಾಣಿಕರ ಕಡೆಗೆ ಉಬ್ಬುತ್ತೆ. ಇದೆಲ್ಲ ಆಗೋದು ಕಣ್ಣು ಮಿಟುಕಿಸುವುದರೊಳಗೆ. ಆ ಹೊಡೆತಕ್ಕೆ ಗಾಜೇ ಕಿತ್ತುಕೊಂಡು ಹೊರಗೆ ಹೋದರೆ? ಏರ್‌ಬ್ಯಾಗ್‌ಗೆ ಒರಗೋಕೆ ಗೋಡೆಯೇ ಇಲ್ಲ. ಪಕ್ಕದ ಸೀಟಿನಲ್ಲಿ ಯಾರು ಕೂತಿರ್ತಾರೆ? ನಿಮ್ಮ ಮನೆಯವರೇ ತಾನೇ?

ಹಾಗಾಗಿ ನಾನು ಹೇಳೋದು ಇಷ್ಟು. ಎಲ್ಲರೂ ಗಾಜು ನೋಡ್ತಾರೆ, ನೀವು ಅಂಟನ್ನೂ ನೋಡಿ.

ಮೊದಲು ಗಾಜಿನ ವಿಚಾರ ಬೇಗ ಮುಗಿಸಿಬಿಡ್ತೀನಿ. ಪಕ್ಕದ ಬಾಗಿಲಿನ ಗಾಜು ಒಡೆದರೆ ಸಕ್ಕರೆ ಹರಳಿನ ಹಾಗೆ ಪುಡಿಪುಡಿಯಾಗುತ್ತೆ. ಮುಂದಿನದು ಹಾಗಾಗಬಾರದು. ಅದು ಎರಡು ಪದರ ಗಾಜು, ನಡುವೆ ಒಂದು ಪ್ಲಾಸ್ಟಿಕ್ ಹಾಳೆ. ಒಡೆದರೂ ಚೂರುಗಳು ಆ ಹಾಳೆಗೇ ಕಚ್ಚಿಕೊಂಡಿರುತ್ತವೆ, ಮುಖಕ್ಕೆ ಹಾರೋದಿಲ್ಲ. ಇದೇ ಲ್ಯಾಮಿನೇಟೆಡ್ ಗಾಜು. ಗಾಜಿನ ಮೂಲೆಯಲ್ಲಿ ಸಣ್ಣ ಅಕ್ಷರದ ಮುದ್ರೆ ಇರುತ್ತೆ, ಯಾರೂ ಓದೋದಿಲ್ಲ. ನೀವು ಓದಿ. ತಯಾರಕರ ಹೆಸರು ಇದೆಯಾ? ಐಎಸ್‌ಐ ಗುರುತು, ಐಎಸ್ 2553 ಅನ್ನುವ ಸಂಖ್ಯೆ ಇದೆಯಾ? ಜೊತೆಗಿರುವ ಲೈಸೆನ್ಸ್ ನಂಬರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅದು ಯಾರದ್ದು ಅಂತ ಗೊತ್ತಾಗುತ್ತೆ. ಬೆಂಗಳೂರಿನ ಜೆ.ಸಿ. ರಸ್ತೆಯೇ ಇರಲಿ, ನಿಮ್ಮೂರಿನ ಬಸ್ ಸ್ಟ್ಯಾಂಡ್ ಹಿಂದಿನ ಅಂಗಡಿಯೇ ಇರಲಿ, ಗಾಜು ಕೂರಿಸೋಕೆ ಮೊದಲೇ ಈ ಮುದ್ರೆ ತೋರಿಸಿ ಅನ್ನಿ. ಕಾರು ಕಂಪನಿಯ ಲೋಗೋ ಇಲ್ಲದಿದ್ದರೂ ಪರವಾಗಿಲ್ಲ, ಗುಣಮಟ್ಟದ ಗುರುತು ಇಲ್ಲದಿದ್ದರೆ ಬೇಡ.

ಈಗ ಅಂಟಿಗೆ ಬರೋಣ. ಗಾಜು ಕೂರಿಸೋಕೆ ಬಳಸಬೇಕಾದದ್ದು ಪಾಲಿಯುರೆಥೇನ್ ಅಂಟು. ಮೆಕಾನಿಕ್‌ಗಳು ಪಿಯು ಅಂತಾರೆ. ಬಾತ್‌ರೂಮಿನ ಕಿಟಕಿಗೆ ಹಚ್ಚುವ ಸಿಲಿಕಾನ್ ಅಲ್ಲ. ನೋಡೋಕೆ ಅದೂ ಅಂಟೇ, ನೀರನ್ನೂ ತಡೆಯುತ್ತೆ. ಆದರೆ ಡಿಕ್ಕಿಯ ಹೊಡೆತಕ್ಕೆ ಗಾಜನ್ನು ಹಿಡಿದಿಡುವ ಶಕ್ತಿ ಅದಕ್ಕಿಲ್ಲ. ಅಂಟಿನ ಟ್ಯೂಬಿನ ಮೇಲೆ ಎಕ್ಸ್‌ಪೈರಿ ದಿನಾಂಕ ಇರುತ್ತೆ. ಔಷಧಿ ತಗೊಳ್ಳುವಾಗ ನೋಡ್ತೀವಲ್ಲ, ಹಾಗೇ ಇಲ್ಲೂ ನೋಡಬೇಕು.

ಆಮೇಲೆ ಒಣಗುವ ಸಮಯ. ಪಿಯು ಅಂಟು ಗಾಳಿಯಲ್ಲಿರುವ ತೇವವನ್ನು ಹೀರಿಕೊಂಡು ಗಟ್ಟಿಯಾಗುತ್ತೆ. ಕೆಲವು ಅಂಟಿಗೆ ಒಂದು ಗಂಟೆ ಸಾಕು, ಕೆಲವಕ್ಕೆ ಹಲವು ಗಂಟೆ ಬೇಕು. ಅದನ್ನು ತಯಾರಕರೇ ಬರೆದಿರುತ್ತಾರೆ. ‘ಅರ್ಧ ಗಂಟೇಲಿ ಕೊಡ್ತೀವಿ ಸಾರ್’ ಅನ್ನುವವನು ನಿಮ್ಮ ಸಮಯ ಉಳಿಸುತ್ತಿದ್ದಾನೋ, ಜೀವವನ್ನು ಪಣಕ್ಕಿಡುತ್ತಿದ್ದಾನೋ ಯೋಚನೆ ಮಾಡಿ. ‘ಈ ಅಂಟು ಹಾಕಿದ ಮೇಲೆ ಎಷ್ಟು ಹೊತ್ತಿಗೆ ಗಾಡಿ ಓಡಿಸಬಹುದು?’ ಅಂತ ಕೇಳಿ ನೋಡಿ. ತಡವರಿಸದೆ ಉತ್ತರ ಕೊಟ್ಟು, ಟ್ಯೂಬ್ ತೋರಿಸಿದರೆ ಕೆಲಸ ಬಲ್ಲವನು ಅಂತ ತಿಳಿಯಿರಿ. ‘ಏನೂ ಆಗಲ್ಲ ಸಾರ್, ಹೋಗಿ’ ಅಂದರೆ ನಿಜವಾಗಿಯೂ ಹೋಗಿ, ಬೇರೆ ಅಂಗಡಿಗೆ.

ಕೈಕೆಲಸವನ್ನೂ ನಿಂತು ನೋಡಿ. ಹಳೇ ಅಂಟನ್ನು ಕೆತ್ತುವಾಗ ಬಾಡಿಯ ಪೇಂಟ್ ಗೀಚಿದರೆ ಅಲ್ಲಿ ಪ್ರೈಮರ್ ಹಚ್ಚಬೇಕು. ಹಚ್ಚದಿದ್ದರೆ ಒಳಗೇ ತುಕ್ಕು ಶುರುವಾಗುತ್ತೆ. ತುಕ್ಕಿನ ಮೇಲೆ ಯಾವ ಅಂಟೂ ನಿಲ್ಲೋದಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ನೀರು ಡ್ಯಾಶ್‌ಬೋರ್ಡ್ ಕೆಳಗಿನ ವೈರಿಂಗಿಗೆ ಇಳಿದರೆ ಆಶ್ಚರ್ಯವಿಲ್ಲ. ಮಲೆನಾಡು, ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಾಜು ಹಾಕಿಸಿದ ದಿನ ಬಾಗಿಲು ದಬಾರ್ ಅಂತ ಹಾಕಬೇಡಿ. ಒಳಗಿನ ಗಾಳಿಯ ಒತ್ತಡ ಹಸಿ ಅಂಟನ್ನು ತಳ್ಳುತ್ತೆ. ಒಂದು ಕಿಟಕಿ ಸ್ವಲ್ಪ ಇಳಿಸಿಡಿ. ಒಂದೆರಡು ದಿನ ಪ್ರೆಶರ್ ವಾಷ್ ಬೇಡ.

ಹೊಸ ಕಾರುಗಳಲ್ಲಿ ಮತ್ತೊಂದು ತಲೆನೋವು. ಕನ್ನಡಿಯ ಹಿಂದೆ ಗಾಜಿಗೆ ಅಂಟಿಕೊಂಡಂತೆ ಒಂದು ಕ್ಯಾಮೆರಾ ಇದ್ದರೆ, ಅದು ಅಡಾಸ್ ವ್ಯವಸ್ಥೆಯ ಕಣ್ಣು. ಮುಂದೆ ವಾಹನ ಬಂದರೆ ತಾನೇ ಬ್ರೇಕ್ ಹಾಕುವ, ಲೇನ್ ತಪ್ಪಿದರೆ ಎಚ್ಚರಿಸುವ ವ್ಯವಸ್ಥೆ. ಗಾಜು ಬದಲಾಯಿಸಿದ ಮೇಲೆ ಆ ಕ್ಯಾಮೆರಾವನ್ನು ಮತ್ತೆ ಹೊಂದಿಸಬೇಕು. ಕೂದಲೆಳೆಯಷ್ಟು ಓರೆಯಾದರೂ ದೂರದಲ್ಲಿ ಲೆಕ್ಕ ಪೂರ್ತಿ ತಪ್ಪುತ್ತೆ. ಕ್ಯಾಲಿಬ್ರೇಷನ್ ಮಾಡುವ ಉಪಕರಣ ಇಲ್ಲದ ಅಂಗಡಿಗೆ ಇಂಥ ಕಾರು ಕೊಡಬೇಡಿ.

ಇನ್ನು ದುಡ್ಡಿನ ಮಾತು. ನಿಮ್ಮದು ಬರೀ ಥರ್ಡ್ ಪಾರ್ಟಿ ವಿಮೆಯಾದರೆ ಗಾಜಿಗೆ ಒಂದು ಪೈಸೆಯೂ ಬರೋದಿಲ್ಲ. ಕಾಂಪ್ರಹೆನ್ಸಿವ್ ಪಾಲಿಸಿಯಲ್ಲಿ ಗಾಜಿಗೆ ಸವಕಳಿ ಕಡಿತ ಇಲ್ಲ. ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಮಾತ್ರ ಅರ್ಧಕ್ಕರ್ಧ ಕಡಿತ. ಆದರೆ ಕ್ಲೇಮ್ ಮಾಡಿದರೆ ಮುಂದಿನ ವರ್ಷದ ನೋ ಕ್ಲೇಮ್ ಬೋನಸ್ ಹೋಗುತ್ತೆ. ಲೆಕ್ಕಕ್ಕೆ ಅಂತ ಇಟ್ಕೊಳ್ಳಿ. ಗಾಜಿನ ಬಿಲ್ 6,000, ನೀವು ಕೈಯಿಂದ ಹಾಕಬೇಕಾದ ಕಡ್ಡಾಯ ಪಾಲು 1,000. ವಿಮೆಯಿಂದ ಬರೋದು 5,000. ಸ್ವಂತ ಹಾನಿಯ ಪ್ರೀಮಿಯಂ 10,000 ಇದ್ದು, ನಿಮಗೆ ಶೇ. 50 ಬೋನಸ್ ಸಿಗುತ್ತಿದ್ದರೆ ಕಳೆದುಕೊಳ್ಳೋದೂ 5,000. ಆ ಶೇ. 50ಕ್ಕೆ ಮತ್ತೆ ಏರೋಕೆ ಐದು ವರ್ಷ. ಏನು ಲಾಭ? ಕೆಲವು ಪಾಲಿಸಿಗಳಲ್ಲಿ ಬೋನಸ್ ಉಳಿಸುವ ಸೌಲಭ್ಯ ಇರುತ್ತೆ, ಕೇಳಿ ತಿಳ್ಕೊಳ್ಳಿ. ಕ್ಲೇಮ್ ಮಾಡೋದೇ ಆದರೆ ಗಾಜು ಬಿಚ್ಚುವ ಮೊದಲು ಫೋಟೋ ತೆಗೆದು ಕಂಪನಿಗೆ ತಿಳಿಸಿ.

ಪ್ರತಿ ಸಲ ಗಾಜನ್ನೇ ಬದಲಾಯಿಸಬೇಕು ಅಂತಲೂ ಇಲ್ಲ. ಗುರುತು ನಾಣ್ಯಕ್ಕಿಂತ ಚಿಕ್ಕದಿದ್ದು, ಅಂಚಿಗೆ ಮುಟ್ಟದೆ, ಡ್ರೈವರ್ ಕಣ್ಣಿಗೆ ನೇರವಾಗಿ ಇಲ್ಲದಿದ್ದರೆ ರೆಸಿನ್ ತುಂಬಿ ಸರಿಮಾಡಬಹುದು. ಅದನ್ನು ತಾನಾಗಿಯೇ ಹೇಳುವ ಅಂಗಡಿಯವನನ್ನು ನಂಬಬಹುದು. ಹಾಂ, ಗಾಜು ಬದಲಾದರೆ ಹಳೇ ಫಾಸ್ಟ್ಯಾಗ್ ಕೆಲಸಕ್ಕೆ ಬರೋದಿಲ್ಲ. ಟೋಲ್ ಗೇಟಿಗೆ ಹೋಗುವ ಮೊದಲೇ ಬ್ಯಾಂಕಿನಿಂದ ಬದಲಿ ಟ್ಯಾಗ್ ತರಿಸಿಕೊಳ್ಳಿ.

ಜಿಎಸ್‌ಟಿ ಬಿಲ್ ಕೇಳಿ. ಅದರಲ್ಲಿ ಗಾಜಿನ ಕಂಪನಿ, ಅಂಟಿನ ಹೆಸರು, ನೀರು ಸೋರಿದರೆ ಎಷ್ಟು ತಿಂಗಳ ವಾರಂಟಿ, ಎಲ್ಲ ಬರೆಸಿ. ಬಿಲ್ ಕೈಯಲ್ಲಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದಾಗ ನಿಮ್ಮ ಮಾತಿಗೆ ತೂಕ ಇರುತ್ತೆ.

ಹಳದಿ ಬೋರ್ಡ್ ಗಾಡಿ ಓಡಿಸುವ ಅಣ್ಣಂದಿರಿಗೆ ಇದು ಕಷ್ಟ, ನನಗೆ ಗೊತ್ತು. ಅರ್ಧ ದಿನ ಗಾಡಿ ನಿಂತರೆ ಅವತ್ತಿನ ದುಡಿಮೆ ಹೋಯಿತು, ಇಎಂಐ ಮಾತ್ರ ನಿಲ್ಲೋದಿಲ್ಲ. ಅರ್ಧ ಗಂಟೆಯ ಅಂಗಡಿಗಳು ನಡೀತಿರೋದೇ ಈ ಅನಿವಾರ್ಯದ ಮೇಲೆ. ಅದಕ್ಕೇ ಹೇಳೋದು, ಸಂಜೆ ಕೊನೇ ಬಾಡಿಗೆ ಮುಗಿಸಿ ಗಾಡಿ ಬಿಡಿ, ರಾತ್ರಿಯೆಲ್ಲ ಅಂಟು ಒಣಗಲಿ, ಬೆಳಗ್ಗೆ ತಗೊಳ್ಳಿ. ದುಡಿಮೆಯೂ ಉಳಿಯುತ್ತೆ, ಹಿಂದೆ ಮುಂದೆ ಕೂತವರ ಜೀವವೂ ಉಳಿಯುತ್ತೆ.