ಯುರೋಪಿನ ಪೇಟೆಯೂ ನಮ್ಮ ಸರಕಿನ ಮುದ್ರೆಯೂ

ಜಮಖಂಡಿ, ಮುಧೋಳ, ಬೀಳಗಿ ತಾಲೂಕುಗಳ ಕಬ್ಬಿನ ಬೆಲ್ಲವೂ ರಬಕವಿ-ಬನಹಟ್ಟಿಯ ಮಗ್ಗಗಳ ಸೀರೆಯೂ ದೂರದ ಪೇಟೆಗಳಿಗೆ ಹೋಗುವ ಸರಕುಗಳು. ಅಲ್ಲಿ ಕೊಳ್ಳುವವನು ಬೆಳೆದವನನ್ನಾಗಲಿ ನೇಯ್ದವನನ್ನಾಗಲಿ ಕಂಡವನಲ್ಲ. ಸರಕಿನ ಮೇಲಿನ ಹೆಸರನ್ನೂ ಚಿತ್ರವನ್ನೂ ನಂಬಿ ಹಣ ಕೊಡುತ್ತಾನೆ. ಇದಕ್ಕೇ ವ್ಯಾಪಾರ ಮುದ್ರೆ ಎಂದು ಹೆಸರು. ಹೊಲಕ್ಕೆ ಉತಾರ ಹೇಗೋ ಮುದ್ರೆಗೆ ನೋಂದಣಿ ಹಾಗೆ.

ನಮ್ಮ ದೇಶದಲ್ಲಿ 1999ರ ವ್ಯಾಪಾರ ಮುದ್ರೆಗಳ ಕಾಯಿದೆಯು 2003ನೆಯ ಸಪ್ಟೆಂಬರ 15ರಿಂದ ಜಾರಿಯಲ್ಲಿದೆ. ನೋಂದಣಿಯ ಅವಧಿ 10 ವರ್ಷ. ಬಳಿಕ ಮತ್ತೆ ಮತ್ತೆ ನವೀಕರಿಸಬಹುದು. ಆದರೆ ಈ ಹಕ್ಕು ಭಾರತದ ಗಡಿಯೊಳಗೆ ಮಾತ್ರ ನಡೆಯುವುದೆಂಬುದನ್ನು ಮರೆಯತಕ್ಕದ್ದಲ್ಲ.

ಯುರೋಪಿನಲ್ಲಿ ಈ ಕಾನೂನು ಹಳೆಯದು. ಫ್ರಾನ್ಸಿನಲ್ಲಿ 1857ರಲ್ಲಿಯೂ ಇಂಗ್ಲೆಂಡಿನಲ್ಲಿ 1875ರಲ್ಲಿಯೂ ಕಾಯಿದೆಗಳಾದವು. ಈಗ ಅಲ್ಲಿ ಹಕ್ಕು ಪಡೆಯಲು ಮೂರು ಮಾರ್ಗಗಳುಂಟು.

1. ಆಯಾ ದೇಶದ ಕಚೇರಿಗೆ ಬೇರೆ ಬೇರೆ ಅರ್ಜಿ ಕೊಡುವುದು. ಬೆಲ್ಜಿಯಮ್, ನೆದರ್‌ಲ್ಯಾಂಡ್ಸ್, ಲಕ್ಸೆಂಬರ್ಗ್ ಈ ಮೂರಕ್ಕೆ ಮಾತ್ರ ಒಂದೇ ನೋಂದಣಿ ಸಾಕು.

2. ಸ್ಪೇನ್ ದೇಶದ ಅಲಿಕಾಂತೆ ಪಟ್ಟಣದಲ್ಲಿರುವ ಯುರೋಪಿಯನ್ ಒಕ್ಕೂಟದ ಕಚೇರಿಗೆ ಒಂದೇ ಅರ್ಜಿ ಕೊಡುವುದು. ಇದು ಒಕ್ಕೂಟದ 27 ದೇಶಗಳಿಗೂ ಸಲ್ಲುತ್ತದೆ. ಆದರೆ ಒಂದೇ ದೇಶದ ಹಿಂದಿನ ಹಕ್ಕುದಾರನ ತಕರಾರು ಸಿದ್ಧವಾದರೂ ಇಡೀ ಅರ್ಜಿಯೇ ಬೀಳಬಹುದು. 2021ರ ಜನವರಿ 1ರಿಂದ ಬ್ರಿಟನ್ನಿಗೆ ಪ್ರತ್ಯೇಕ ನೋಂದಣಿ ಬೇಕು.

3. ಮ್ಯಾಡ್ರಿಡ್ ಒಪ್ಪಂದದ ಮಾರ್ಗ. ಭಾರತವು 2013ನೆಯ ಜುಲೈ 8ರಿಂದ ಇದರಲ್ಲಿ ಸೇರಿದೆ. ಇಲ್ಲಿಯ ಅರ್ಜಿಯನ್ನು ಆಧಾರವಾಗಿಟ್ಟುಕೊಂಡು, ನಮ್ಮ ಕಚೇರಿಯ ಮೂಲಕವೇ ಬೇಕಾದ ದೇಶಗಳನ್ನು ಹೆಸರಿಸಬಹುದು.

ಇಲ್ಲಿ ಅರ್ಜಿ ಹಾಕಿದ 6 ತಿಂಗಳೊಳಗೆ ಅಲ್ಲಿಯೂ ಹಾಕಿದರೆ ಮೊದಲಿನ ತಾರೀಖೇ ಲೆಕ್ಕಕ್ಕೆ ಬರುತ್ತದೆ.

ಜಮೀನುದಾರರು ವಿಶೇಷವಾಗಿ ಲಕ್ಷ್ಯವಿಡತಕ್ಕ ಸಂಗತಿ ಮತ್ತೊಂದಿದೆ. ನಮ್ಮಲ್ಲಿ ಮುದ್ರೆಯನ್ನು ಮೊದಲು ಬಳಸಿದವನಿಗೆ ಕಾನೂನಿನ ಆಸರೆಯುಂಟು. ಯುರೋಪಿನ ಬಹುತೇಕ ದೇಶಗಳಲ್ಲಿಯಾದರೋ ಮೊದಲು ಅರ್ಜಿ ಹಾಕಿದವನದೇ ಮೇಲುಗೈ. ಸರಕು ಒಯ್ದ ದಲಾಲನು ಅಲ್ಲಿ ತನ್ನ ಹೆಸರಿನಲ್ಲಿ ಮುದ್ರೆಯನ್ನು ಬರೆಯಿಸಿಕೊಂಡರೆ, ಬೆಳೆದವನ ಸರಕನ್ನೇ ಅಲ್ಲಿ ತಡೆಯಿಸಬಹುದು. ಒಡೆಯನ ಒಪ್ಪಿಗೆಯಿಲ್ಲದ ಇಂಥ ನೋಂದಣಿಯನ್ನು ರದ್ದುಪಡಿಸಲು ಮಾರ್ಗವುಂಟು. ಆದರೆ ಪರದೇಶದ ವ್ಯಾಜ್ಯದ ವೆಚ್ಚ ಬೆಲ್ಲದ ಲಾಭವನ್ನು ನುಂಗೀತು. ಇನ್ನು ನೋಂದಾಯಿಸಿದ ಮುದ್ರೆಯನ್ನು ಸತತ 5 ವರ್ಷ ಬಳಸದಿದ್ದರೆ ಅದೂ ರದ್ದಾಗಬಹುದು.

ಊರಿನ ಹೆಸರಿನ ಮಾತು ಬೇರೆ. ಮಹಾಲಿಂಗಪುರದ ಬೆಲ್ಲವೆಂಬ ಹೆಸರು ಒಬ್ಬ ವ್ಯಾಪಾರಿಯ ಸೊತ್ತಾಗತಕ್ಕದ್ದಲ್ಲ. ಇಂಥ ಸಾಮೂಹಿಕ ಕೀರ್ತಿಯನ್ನು ಕಾಪಾಡಲು ಭೌಗೋಳಿಕ ಸೂಚಿಕೆಗಳ ಕಾಯಿದೆಯಿದೆ. ಅದರ ಕಚೇರಿ ಚೆನ್ನೈಯಲ್ಲಿದೆ. ನಮ್ಮ ಜಿಲ್ಲೆಯ ಇಳಕಲ್ ಸೀರೆ ಅಲ್ಲಿ ನೋಂದಾಯಿತವಾಗಿದೆ. ದಾರ್ಜಿಲಿಂಗ್ ಚಹಾ 2011ರಲ್ಲಿ ಯುರೋಪಿಯನ್ ಒಕ್ಕೂಟದ ರಕ್ಷಣೆಯನ್ನೂ ಪಡೆಯಿತು.

ಆದುದರಿಂದ ಹೊರದೇಶಕ್ಕೆ ಮಾದರಿ ಕಳಿಸುವ ಮೊದಲೇ ಮುದ್ರೆಗೆ ಅರ್ಜಿ ಹಾಕಬೇಕು. ಮುದ್ರೆಯ ಒಡೆತನ ತಮ್ಮದೆಂದು ದಲಾಲನಿಂದ ಕರಾರುಪತ್ರ ಬರೆಯಿಸಿಕೊಳ್ಳಬೇಕು. ಒಬ್ಬಂಟಿಗೆ ಭಾರವಾದರೆ ಸಹಕಾರಿ ಸಂಘದ ಹೆಸರಿನಲ್ಲಿ ಮಾಡಬಹುದು. ಗ್ರಾಮದ ಪ್ರಮುಖರು ಈ ವಿಷಯವನ್ನು ರೈತರಿಗೂ ನೇಕಾರರಿಗೂ ತಿಳಿಸಿ ಹೇಳಬೇಕು. ಮುದ್ರೆಯು ಕೆಟ್ಟ ಸರಕನ್ನು ಒಳ್ಳೆಯದಾಗಿಸದು. ಒಳ್ಳೆಯ ಸರಕಿನ ಹೆಸರು ಪರರ ಪಾಲಾಗದಂತೆ ಕಾಯುತ್ತದೆ.